ಸಂದು ಮುಚ್ಚಿದಿರಿ, ಗಾಳಿಗೆ ದಾರಿ ಎಲ್ಲಿ?

ಮಗಳ ಕೋಣೆಯ ಕಪಾಟನ್ನು ಗೋಡೆಯಿಂದ ಈಚೆಗೆ ಎಳೆದಾಗ ಹಿಂದಿನ ಮೂಲೆಯ ತುಂಬ ಕಪ್ಪು ಬೂಷ್ಟು. ಉಜ್ಜಿ ತೊಳೆದೆವು, ಬ್ಲೀಚ್ ಹಾಕಿದೆವು, ಬಣ್ಣ ಬಳಿಸಿದೆವು. ಎರಡೇ ತಿಂಗಳಲ್ಲಿ ಅದೇ ಕಲೆ, ಅದೇ ಮುಗ್ಗಲು ವಾಸನೆ, ರಾತ್ರಿಯೆಲ್ಲ ಅವಳ ಕೆಮ್ಮು. ಮನೆ ಕಟ್ಟಿಕೊಟ್ಟವರನ್ನು ಕೇಳಿದರೆ, "ನೀವು ಕಿಟಕಿ ತೆರೆಯುವುದಿಲ್ಲ, ಬಟ್ಟೆಯನ್ನು ಒಳಗೇ ಒಣಗಿಸುತ್ತೀರಿ" ಎಂದರು. ಈ ಮಾತು ನನ್ನನ್ನು ಕೆರಳಿಸಿತು. ಅಡುಗೆ, ಸ್ನಾನ, ನಿದ್ದೆಯಲ್ಲಿನ ಉಸಿರು, ಎಲ್ಲದರಿಂದಲೂ ಆವಿ ಏಳುತ್ತದೆ. ಮನೆಯಲ್ಲಿ ಬದುಕುವುದೇ ತಪ್ಪೇ?

ಹಳೆಯ ಕಟ್ಟಡಗಳಲ್ಲಿ ಆ ಆವಿ ಬಾಗಿಲು ಕಿಟಕಿಗಳ ಸಂದಿನಿಂದ ತಾನಾಗಿ ಹೊರಹೋಗುತ್ತಿತ್ತು. ವಿದ್ಯುತ್, ಇಂಧನ ಉಳಿಸಲೆಂದು ಈಗ ಸಂದುಗಳನ್ನೆಲ್ಲ ಮುಚ್ಚುತ್ತೇವೆ. ಕೋಣೆಯ ಉಷ್ಣತೆ 20 ಡಿಗ್ರಿ, ತೇವಾಂಶ ಶೇ 60 ಇದ್ದಾಗ ಗೋಡೆಯ ಮೂಲೆ 12 ಡಿಗ್ರಿಗೆ ತಣಿದರೆ ನೀರು ಹನಿಗಟ್ಟುತ್ತದೆ. ಬೂಷ್ಟಿಗೆ ಹನಿಯೂ ಬೇಡ. ಮೂಲೆ 15 ಡಿಗ್ರಿಯಲ್ಲಿದ್ದರೂ ಅಲ್ಲಿ ತಣಿದ ಗಾಳಿಯ ತೇವಾಂಶ ಶೇ 80 ದಾಟುತ್ತದೆ. ಅದು ಹಾಗೇ ಕೆಲವು ದಿನ ಉಳಿದರೆ ಸಾಕು. ಕೋಣೆಯ ನಡುವೆ ಇಟ್ಟ ಮಾಪಕ ಎಲ್ಲವೂ ಸರಿಯಿದೆ ಎನ್ನುತ್ತಿರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಬ್ಬುತ್ತಿರುತ್ತದೆ. ಮೇಲೆ ಬಣ್ಣ ಬಳಿದರೆ ತೇವ ಎಲ್ಲಿಗೆ ಹೋದೀತು?

ಈ ಪಾಠ ಹೊಸದಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಕಟ್ಟಡಗಳಲ್ಲಿ ಹೊರಗಿನ ಗಾಳಿಯ ಕನಿಷ್ಠ ಪ್ರಮಾಣವನ್ನು ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿಗೆ ಇಳಿಸಿದ್ದರು. ತಲೆನೋವು, ಕಣ್ಣುರಿ, ಆಯಾಸದ ದೂರುಗಳು ಹೆಚ್ಚಿದವು. 1989ರಲ್ಲಿ ಅದನ್ನು 15ಕ್ಕೆ ಏರಿಸಬೇಕಾಯಿತು. ತೇವ ಹಿಡಿದ ಕಟ್ಟಡಗಳಿಗೂ ಆಸ್ತಮಾ ಹಾಗೂ ಉಸಿರಾಟದ ತೊಂದರೆಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಇಂಧನ ಉಳಿತಾಯವನ್ನು ನಾನು ವಿರೋಧಿಸುತ್ತಿಲ್ಲ, ಅದು ಬೇಕೇ ಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಮೊದಲ 'ಪ್ಯಾಸಿವ್ ಹೌಸ್' (ತೀರಾ ಕಡಿಮೆ ಇಂಧನ ಸಾಕಾಗುವ ಮನೆ) ನಮ್ಮ ಮನೆಗಿಂತ ಎಷ್ಟೋ ಬಿಗಿ. ಆದರೆ ಅಲ್ಲಿ ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವ ವ್ಯವಸ್ಥೆಯನ್ನು ವಿನ್ಯಾಸದಲ್ಲೇ ಸೇರಿಸಿದ್ದರು. ನಮ್ಮಲ್ಲಿ ಬಿಗಿ ಮಾಡುವ ಅರ್ಧ ಕೆಲಸವಷ್ಟೇ ಮುಗಿದಿದೆ, ಉಳಿದರ್ಧವನ್ನು ನಮ್ಮ ಅಭ್ಯಾಸಗಳ ಮೇಲೆ ಹೊರಿಸಿದ್ದಾರೆ.

ಕೊನೆಗೆ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಜಾಲರಿಗೆ ಟಿಶ್ಯೂ ಕಾಗದವನ್ನು ಒಡ್ಡಿ ನೋಡಿದೆ. ಗಾಳಿ ಎಳೆಯುತ್ತಿದ್ದರೆ ಕಾಗದ ಅಲ್ಲೇ ಅಂಟಿಕೊಳ್ಳಬೇಕು. ಅದು ನೇರವಾಗಿ ಕೆಳಗೆ ಬಿತ್ತು. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.