ಡಬ್ಬಿ ಗಟ್ಟಿ, ಮುಚ್ಚಳದ್ದೇ ತಕರಾರು

ಡಬ್ಬಿ ಕೊಳ್ಳುವಾಗ ನಾವು ನೋಡೋದು ಡಬ್ಬಿಯನ್ನ. ಎಷ್ಟು ಲೀಟರ್ ಹಿಡಿಯುತ್ತೆ, ಯಾವ ಬಣ್ಣ, ಕಪಾಟಿನಲ್ಲಿ ಕೂರುತ್ತಾ, ಅಷ್ಟೇ. ಹಾಳಾಗೋದು ಮಾತ್ರ ಮುಚ್ಚಳ. ನಿಮ್ಮ ಅಡುಗೆಮನೆಯ ಕೆಳಗಿನ ಕಪಾಟು ತೆಗೆದು ನೋಡಿ. ಮುಚ್ಚಳ ಕಳಕೊಂಡ ಡಬ್ಬಿಗಳು ಒಂದರೊಳಗೊಂದು ಕೂತಿರುತ್ತವೆ, ಪಕ್ಕದಲ್ಲೇ ಯಾವ ಡಬ್ಬಿಗೂ ಕೂರದ ಮುಚ್ಚಳಗಳ ರಾಶಿ. ಡಬ್ಬಿ ಗಟ್ಟಿಮುಟ್ಟಾಗಿದೆಯಲ್ಲ ಅಂತ ಬಿಸಾಡೋಕೆ ಮನಸ್ಸು ಬರಲ್ಲ. ಬರೀ ಮುಚ್ಚಳ ಕೊಡಿ ಅಂತ ಅಂಗಡಿಗೆ ಹೋದ್ರೆ ಅಂಗಡಿಯವರು ಮುಖ ನೋಡ್ತಾರೆ.

ಅದೇ ಅಂಗಡಿಯಲ್ಲಿ ಕುಕ್ಕರ್ ಗ್ಯಾಸ್ಕೆಟ್ ಕೇಳಿ. ಶಿವಮೊಗ್ಗದ ಗಾಂಧಿ ಬಜಾರ್ ಆಗಲಿ, ಕೋಣಂದೂರಿನ ಪಾತ್ರೆ ಅಂಗಡಿ ಆಗಲಿ, "ಎಷ್ಟು ಲೀಟರ್‌ದು?" ಅಂತ ಒಂದೇ ಮಾತು ಕೇಳಿ, ಮೊಳೆಗೆ ನೇತುಹಾಕಿದ ಕಟ್ಟಿನಿಂದ ಒಂದನ್ನ ಎಳೆದು ಕೊಡ್ತಾರೆ. ಮಿಕ್ಸಿ ಜಾರಿನ ಬ್ಲೇಡು, ನಲ್ಲಿಯ ವಾಷರ್ರು, ಫಿಲ್ಟರಿನ ಕ್ಯಾಂಡಲ್ಲು ಎಲ್ಲ ಬಿಡಿಯಾಗಿ ಸಿಗುತ್ತೆ. ಅವೆಲ್ಲ ಸವೆಯೋ ಭಾಗ ಅಂತ ಮಾಡೋರಿಗೂ ಮಾರೋರಿಗೂ ಗೊತ್ತು. ಡಬ್ಬಿಯ ಮುಚ್ಚಳವೂ ಸವೆಯೋ ಭಾಗವೇ, ಅದನ್ನ ಒಪ್ಪಿಕೊಳ್ಳೋರು ಮಾತ್ರ ಯಾರೂ ಇಲ್ಲ. ನನ್ನ ತಕರಾರು ಇಷ್ಟೇ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಪುರಸೊತ್ತಿದ್ದೋರು ಓದಿ.

ನಾನು ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಚಕ್ಕುಲಿ ಮಾಡಿ ಮಾರೋಳು. ಅರ್ಧ ಕೆಲಸ ಒಲೆ ಮುಂದೆ, ಇನ್ನರ್ಧ ಮುಚ್ಚಳದ ಜೊತೆ. ಬೇಸಿಗೆಯಲ್ಲಿ ಯಾವ ಮುಚ್ಚಳವೂ ಒಳ್ಳೇದೇ. ಅದರ ಬಂಡವಾಳ ಬಯಲಾಗೋದು ಆಷಾಢಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತೆ. ಅದರ ಸುತ್ತಲಿನ ನಮ್ಮಂಥ ಊರುಗಳಲ್ಲೂ ಜುಲೈ ಬಂತು ಅಂದ್ರೆ ಉಪ್ಪು ನೀರಾಗುತ್ತೆ, ಬೆಂಕಿಪೊಟ್ಟಣ ಗೀರಿದ್ರೆ ಹತ್ತಲ್ಲ, ಚಪ್ಪಲಿಗೂ ಬೂಷ್ಟು ಬರುತ್ತೆ. ಕರಿದ ಚಕ್ಕುಲಿಯನ್ನ ತಟ್ಟೆಯಲ್ಲಿ ಬಿಟ್ಟು ತಂಗಿ ಹತ್ರ ಫೋನಲ್ಲಿ ಮಾತಾಡಿ ಬರೋದ್ರೊಳಗೆ ಗರಿ ಹೋಗಿರುತ್ತೆ. (ತಂಗಿ ಹತ್ರ ಮಾತು ಬೇಗ ಮುಗಿಯಲ್ಲ, ಅದೂ ನಿಜ.) ಡಬ್ಬಿ ಮೇಲೆ 'ಏರ್‌ಟೈಟ್' ಅಂತ ಸ್ಟಿಕ್ಕರ್ ಅಂಟಿಸೋರು ಇಲ್ಲಿಗೆ ಬಂದು ಒಂದು ಮಳೆಗಾಲ ಕಳೆದು ಆಮೇಲೆ ಅಂಟಿಸಲಿ.

ಮೊದಲ ದಿನ ಗಾಳಿ ಆಡದ ಹಾಗೆ ಮುಚ್ಚೋದು ದೊಡ್ಡ ವಿಷಯವಲ್ಲ. ನಮ್ಮಂಥೋರೂ ಮಾಡ್ತೀವಿ. ಉಪ್ಪಿನಕಾಯಿ ಜಾರಿನ ಬಾಯಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿರ್ತಾರಲ್ಲ, ಅದು ಇಂಡಕ್ಷನ್ ಸೀಲ್. ಕ್ಯಾಪಿನೊಳಗೆ ಅಲ್ಯೂಮಿನಿಯಂ ಹಾಳೆ ಇಟ್ಟು, ತಿರುಗಿಸಿ ಬಿಗಿ ಮಾಡಿ, ಮೇಲೆ ಮಷೀನ್ ಹಿಡಿದ್ರೆ ಹಾಳೆ ಮಾತ್ರ ಕಾಯುತ್ತೆ, ಅದರ ಕೆಳಗಿನ ಪ್ಲಾಸ್ಟಿಕ್ ಪದರ ಕರಗಿ ಜಾರಿನ ಅಂಚಿಗೆ ಕಚ್ಚಿಕೊಳ್ಳುತ್ತೆ. ಆ ಹಾಳೆ ಇರೋವರೆಗೆ ಯಾವ ಮಳೆಗಾಲಕ್ಕೂ ಹೆದರಬೇಕಿಲ್ಲ. ಗಿರಾಕಿ ಅದನ್ನ ಕಿತ್ತ ಮೇಲಿನದ್ದು ಬೇರೆ ಕತೆ, ಆಮೇಲೆ ಉಳಿಯೋದು ಬರೀ ಕ್ಯಾಪು. ನನಗೆ ಬರೋ ದೂರೆಲ್ಲ ಹಾಳೆ ಕಿತ್ತ ಎರಡು ಮೂರು ವಾರಕ್ಕೆ ಬರೋದು. ಅಂದ್ರೆ ಮುಚ್ಚಳದ ಯೋಗ್ಯತೆ ಅಳೀಬೇಕಾದ್ದು ಎರಡನೇ ಸಲ ಮುಚ್ಚಿದಾಗ, ಇನ್ನೂರನೇ ಸಲ ಮುಚ್ಚಿದಾಗ, ಎಣ್ಣೆ ಕೈಯಲ್ಲಿ ಮುಚ್ಚಿದಾಗ.

ಮೊದಲೆಲ್ಲ ಹಪ್ಪಳ ಇರ್ತಿದ್ದದ್ದು ತಗಡಿನ ಡಬ್ಬದಲ್ಲಿ, ಹೊಗೆ ತಾಗೋ ಅಟ್ಟದ ಮೇಲೆ. ತಗಡಿಗೆ ತಗಡು ಕೂತ್ರೆ ಸಂದು ಇದ್ದೇ ಇರುತ್ತೆ. ಅದಕ್ಕೆ ಡಬ್ಬದ ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಮುಚ್ಚಳ ಒತ್ತೋರು. ಎರಡು ಗಟ್ಟಿ ವಸ್ತುವಿನ ನಡುವೆ ಒಂದು ಮೆತ್ತನೆಯದ್ದು ಇರಬೇಕು ಅನ್ನೋದು ಮುಚ್ಚಳದ ಮೂಲಸೂತ್ರ, ಆ ಕವರ್ ಮಾಡ್ತಿದ್ದದ್ದು ಗ್ಯಾಸ್ಕೆಟ್‌ನ ಕೆಲಸ. ಹರಿದ್ರೆ ಇನ್ನೊಂದು ಕವರ್. ಬಿಡಿಭಾಗದ ಚಿಂತೆಯೇ ಇರಲಿಲ್ಲ. ಸ್ಟೀಲ್ ಡಬ್ಬಿಗೂ ಇದೇ ಉಪಾಯ ನಡೆಯುತ್ತೆ, ಆದರೆ ಒಂದು ಸಲ ಕೈಜಾರಿ ಬಿದ್ದು ಬಾಯಿ ಚಪ್ಪಟೆಯಾದ್ರೆ ಅದರ ಮುಚ್ಚಳ ಮತ್ತೆ ಸರಿಯಾಗಿ ಕೂರಲ್ಲ.

ಮೆತ್ತನೆಯದ್ದನ್ನ ಬೇರೆ ಇಡೋ ಬದಲು ಮುಚ್ಚಳವನ್ನೇ ಮೆತ್ತಗೆ ಮಾಡಿದವರು ಅಮೆರಿಕದ ಅರ್ಲ್ ಟಪ್ಪರ್. ಟಪ್ಪರ್‌ವೇರ್ ಅಂದ್ರೆ ಎಲ್ಲರಿಗೂ ಗೊತ್ತು. ಪೇಂಟ್ ಡಬ್ಬದ ಮುಚ್ಚಳ ಅಂಚನ್ನ ಹೇಗೆ ಕಚ್ಚಿಕೊಳ್ಳುತ್ತೆ ಅಂತ ನೋಡಿ, ಅದನ್ನೇ ಪಾಲಿಥೀನಿನಲ್ಲಿ ಮಾಡಿದ್ರು. ಆ ಮುಚ್ಚಳಕ್ಕೆ ಪೇಟೆಂಟ್ ಸಿಕ್ಕಿದ್ದು 1949ರಲ್ಲಿ. ನಡುವೆ ಒತ್ತಿ, ಅಂಚನ್ನ ಒಂಚೂರು ಎತ್ತಿ, ಪುಸ್ ಅಂತ ಗಾಳಿ ಬಿಟ್ಟು ಮುಚ್ಚೋದು. ತಮಾಷೆ ಅಂದ್ರೆ ಅಂಗಡಿಯಲ್ಲಿ ಇದು ಸರಿಯಾಗಿ ಮಾರಾಟ ಆಗಲಿಲ್ಲ, ಮುಚ್ಚೋದು ಹೇಗೆ ಅಂತಲೇ ಜನಕ್ಕೆ ತಿಳೀಲಿಲ್ಲ. ಬ್ರೌನಿ ವೈಸ್ ಅನ್ನೋ ಹೆಂಗಸು ಮನೆಮನೆಯಲ್ಲಿ ಹೆಂಗಸರನ್ನ ಸೇರಿಸಿ ಮುಚ್ಚಿ ತೋರಿಸಿ ಮಾರಿದ್ರು. ಅದೆಷ್ಟು ಕೈ ಹಿಡೀತು ಅಂದ್ರೆ 1951ರಲ್ಲಿ ಕಂಪನಿ ಅಂಗಡಿ ಮಾರಾಟವನ್ನೇ ನಿಲ್ಲಿಸಿಬಿಡ್ತು. ಎಲ್ಲರೂ ಇದನ್ನ ವ್ಯಾಪಾರದ ಜಾಣತನ ಅಂತ ಹೊಗಳ್ತಾರೆ, ನಾನೂ ಹೊಗಳ್ತೀನಿ. ಆದರೂ ಮುಚ್ಚೋಕೆ ಪಾಠ ಬೇಕಾಗೋ ಮುಚ್ಚಳ ನನ್ನ ಲೆಕ್ಕದಲ್ಲಿ ಅರ್ಧ ಫೇಲು. ಜೊತೆಗೆ ಆ ಮೆತ್ತನೆ ಪ್ಲಾಸ್ಟಿಕ್ಕನ್ನ ಕುದಿಯೋ ನೀರಲ್ಲಿ ತೊಳೆದ್ರೆ ಆಕಾರ ಕೆಡುತ್ತೆ, ಉಪ್ಪಿನಕಾಯಿ ಎಣ್ಣೆಯ ವಾಸನೆ ಹಿಡಿದ್ರೆ ಬಿಡಲ್ಲ.

ಈಗ ಎಲ್ಲರ ಮನೆಯಲ್ಲಿರೋದು ನಾಲ್ಕು ಕಡೆ ಲಾಕ್, ಮುಚ್ಚಳದೊಳಗೆ ಮೆತ್ತನೆ ಉಂಗುರ ಇರೋ ಡಬ್ಬಿ. ಇದರ ಲಾಕಿನ ರೆಕ್ಕೆ ಮಾಡೋದು ಪಾಲಿಪ್ರೊಪಿಲೀನ್‌ನಿಂದ. ಡಬ್ಬಿ ತಳದ ತ್ರಿಕೋನದಲ್ಲಿ 5 ಅಂತ ಇರುತ್ತಲ್ಲ, ಅದು. ಈ ಪ್ಲಾಸ್ಟಿಕ್ಕನ್ನ ಒಂದು ಗೆರೆಯಲ್ಲಿ ತೆಳುವಾಗಿಸಿ ಮಡಚಿದ್ರೆ ಅದರ ಎಳೆಗಳು ಮಡಿಕೆಗೆ ಅಡ್ಡಲಾಗಿ ಸಾಲುಗಟ್ಟಿ ಇನ್ನಷ್ಟು ಗಟ್ಟಿಯಾಗುತ್ತವೆ, ಲಕ್ಷಗಟ್ಟಲೆ ಸಲ ಮಡಚಬಹುದು. ಹಾಗಿದ್ರೆ ನಮ್ಮನೆಯಲ್ಲಿ ರೆಕ್ಕೆ ಯಾಕೆ ಮುರಿಯುತ್ತೆ? ಫ್ರಿಜ್ಜಿಂದ ತೆಗೆದ ಕೂಡಲೇ ಪಟ್ಟನೆ ಎಳೀತೀವಿ. ಸೊನ್ನೆ ಡಿಗ್ರಿ ಹತ್ತಿರ ಬಂದ್ರೆ ಈ ಪ್ಲಾಸ್ಟಿಕ್ ಪೆಡಸಾಗುತ್ತೆ. ನಾಲ್ಕರಲ್ಲಿ ಒಂದು ರೆಕ್ಕೆ ಹೋಯ್ತು ಅಂದ್ರೆ ಆ ಕಡೆ ಉಂಗುರದ ಮೇಲೆ ಒತ್ತಡ ಇಲ್ಲ. ಡಬ್ಬಿ ಇನ್ನು ನಾಣ್ಯ ಹಾಕಿಡೋಕೆ.

ಆ ಸಿಲಿಕೋನ್ ಉಂಗುರದ ಬಗ್ಗೆ ನನಗೆ ಮಾತಾಡೋಕೆ ಬಹಳ ಇದೆ. ವಸ್ತು ಒಳ್ಳೇದೇ, ಬಿಸಿಗೆ ಜಗ್ಗಲ್ಲ, ರಬ್ಬರಿನ ಹಾಗೆ ಬೇಗ ಒಡೆಯಲ್ಲ. ತೊಂದರೆ ಅದು ಕೂರೋ ಸಣ್ಣ ಕಾಲುವೆಯಲ್ಲಿ. ಮಳೆಗಾಲದಲ್ಲಿ ಒಂದು ಮುಚ್ಚಳ ತಗೊಂಡು ಉಂಗುರ ಬಿಚ್ಚಿ ನೋಡಿ. ಕಾಲುವೆಯ ನಾಲ್ಕು ಮೂಲೆಯಲ್ಲೂ ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಷ್ಟು, ಅದರ ಜೊತೆ ಹಿಟ್ಟಿನ ಪುಡಿ, ಒಂದು ಸಾಸಿವೆ ಕಾಳು. ಬೆರಳು ಹೋಗಲ್ಲ, ಬಟ್ಟೆಯ ತುದಿಯೂ ಹೋಗಲ್ಲ. ಪಿನ್ನು ಹಾಕಿ ಉಂಗುರ ಎತ್ತಿದ್ರೆ ಉಂಗುರಕ್ಕೇ ತೂತು. ತೊಳೆದು ವಾಪಸ್ ಹಾಕುವಾಗ ಎಲ್ಲೋ ಒಂದು ಕಡೆ ತಿರುಚಿಕೊಳ್ಳುತ್ತೆ, ಇಲ್ಲಾಂದ್ರೆ ಎಳೆದು ಎಳೆದು ಉದ್ದವಾಗಿ ಕೊನೆಗೆ ಒಂದು ಗಂಟು ಉಳಿಯುತ್ತೆ. ಕಾಲುವೆಯನ್ನ ಬೆರಳಿಗೆ ಬಟ್ಟೆ ಸುತ್ತಿ ಒರೆಸೋ ಅಷ್ಟು ಅಗಲ ಮಾಡಿ, ಮೂಲೆ ದುಂಡಗೆ ಮಾಡಿ, ಉಂಗುರ ಎಳೆಯೋಕೆ ಒಂದು ಕಿವಿ ಬಿಡಿ. ಅಚ್ಚು ಮಾಡೋರಿಗೆ ಇದು ರಾಕೆಟ್ ಹಾರಿಸೋ ಕೆಲಸವಲ್ಲ. ಡಬ್ಬಿ ವಿನ್ಯಾಸ ಮಾಡೋರು ಅದನ್ನ ತೊಳೆಯೋರೂ ಆಗಿದ್ರೆ ಇಷ್ಟು ಹೊತ್ತಿಗೆ ಆಗಿರ್ತಿತ್ತು.

ಇನ್ನೊಂದು ನಂಬಿಕೆ ಎಲ್ಲ ಮನೆಯಲ್ಲೂ ಇದೆ. ನಮ್ಮ ಅತ್ತೆ ಮಕ್ಕಳ ಮೇಲೆ ರೇಗೋದೇ ಇದಕ್ಕೆ. "ಎಂತ ಮಾರಾಯ್ತಿ, ನಿನ್ನ ಮಕ್ಕಳು ಗಳಿಗೆಗೊಂದು ಸಲ ಡಬ್ಬಿ ತೆಗೀತಾವೆ, ಚಕ್ಕುಲಿ ಮೆತ್ತಗಾಗದೆ ಇನ್ನೆಂತ ಆಗುತ್ತೆ?"

"ತೆಗೆದಿದ್ದಕ್ಕಲ್ಲ ಅತ್ತೆ, ಮುಚ್ಚದೇ ಇದ್ದಿದ್ದಕ್ಕೆ. ಲೆಕ್ಕ ಹಾಕಿದೀನಿ ಬೇಕಾದ್ರೆ ನೋಡಿ."

"ಲೆಕ್ಕ ನೀನೇ ತಿನ್ನು" ಅಂದ್ರು.

ಅವರು ನೋಡಲಿಲ್ಲ, ನೀವು ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ತೇವ ಪೂರ್ತಿ ತುಂಬಿದ್ರೂ ಅದರಲ್ಲಿರೋ ನೀರು ಸುಮಾರು 23 ಗ್ರಾಂ. 5 ಲೀಟರಿನ ಡಬ್ಬಿ ಅರ್ಧ ಖಾಲಿ ಅಂದ್ಕೊಳ್ಳಿ. ತೆಗೆದಾಗ ಒಳಗಿನ ಎರಡೂವರೆ ಲೀಟರ್ ಗಾಳಿ ಪೂರ್ತಿ ಬದಲಾದ್ರೂ ಒಳಗೆ ಬರೋ ನೀರು 0.06 ಗ್ರಾಂ, ಸುಮಾರು ಒಂದು ಹನಿ. ಅರ್ಧ ಕೆಜಿ ಚಕ್ಕುಲಿ ಮೆತ್ತಗಾಗೋಕೆ ಹತ್ತು ಹದಿನೈದು ಗ್ರಾಂ ನೀರಾದ್ರೂ ಬೇಕು. ಹಾಗಾಗಿ ಮಕ್ಕಳು ಹತ್ತು ಸಲ ತೆಗೆದು ಹತ್ತು ಸಲವೂ ಸರಿಯಾಗಿ ಮುಚ್ಚಿದ್ರೆ ಹೆಚ್ಚೇನೂ ಹಾಳಾಗಲ್ಲ. ಒಂದು ಕಡೆ ಲಾಕ್ ಬೀಳದೆ ಎದ್ದು ನಿಂತ ಮುಚ್ಚಳ ಇದೆಯಲ್ಲ, ಅದು ರಾತ್ರಿಯಿಡೀ ತೇವ ಎಳೀತಾನೇ ಇರುತ್ತೆ. ಅದೇ ನಿಜವಾದ ಕಳ್ಳ.

ಆದ್ದರಿಂದ ಒಳ್ಳೆ ಮುಚ್ಚಳ ಒಂದೋ ಪೂರ್ತಿ ಮುಚ್ಚಿಕೊಳ್ಳಬೇಕು, ಇಲ್ಲಾ ಮುಚ್ಚಿಲ್ಲ ಅಂತ ದೂರದಿಂದಲೇ ಕಾಣಬೇಕು. ಮುಚ್ಚಿದ ಹಾಗೆ ನಟಿಸಬಾರದು. ನಾಲ್ಕು ಲಾಕಿನ ಡಬ್ಬಿಯಲ್ಲಿ ಎದುರುಬದುರಿನ ಎರಡನ್ನ ಹಾಕಿ ಹೋಗೋರೇ ಜಾಸ್ತಿ, ನಮ್ಮ ಯಜಮಾನರು ಒಂದೇ ಹಾಕ್ತಾರೆ. ತಿರುಪಿನ ಮುಚ್ಚಳ ಅಡ್ಡ ಕೂತರೂ ಬಿಗಿಯಾದ ಹಾಗೇ ಅನಿಸುತ್ತೆ. ಜಿಪ್ ಇರೋ ಪೌಚಂತೂ ಕೇಳಬೇಡಿ, ಸಾರಿನ ಪುಡಿ ಜಿಪ್ಪಿನೊಳಗೆ ಹೊಕ್ಕಿದ ಮೇಲೆ ಅದು ಬರೀ ಅಲಂಕಾರ. ಕೊಳ್ಳೋದೇ ಆದ್ರೆ ನಾನು ಅಗಲ ಬಾಯಿಯ, ಎಳೆ ಕಡಿಮೆ ಇರೋ ತಿರುಪಿನ ಮುಚ್ಚಳಕ್ಕೆ ಓಟು ಹಾಕ್ತೀನಿ. ಅರ್ಧ ಸುತ್ತಿಗೆ ಮುಗೀಬೇಕು, ಒಂದೇ ಕೈಯಲ್ಲಿ ಆಗಬೇಕು, ಇನ್ನೊಂದು ಕೈಯಲ್ಲಿ ಯಾವಾಗಲೂ ಸೌಟು ಇರುತ್ತೆ.

ಬಿಗಿ ಜಾಸ್ತಿಯಾದಷ್ಟೂ ಒಳ್ಳೇದು ಅಂತಲೂ ಅಲ್ಲ. ಮಿಡಿಯನ್ನ ಉಪ್ಪಲ್ಲಿ ಹಾಕಿದ ಮೊದಲ ದಿನಗಳಲ್ಲಿ ಅದು ಹುಳಿಬಂದು ಗಾಳಿ ಬಿಡುತ್ತೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಸುಮ್ಮನೆ ಇಡೋದು ಅದಕ್ಕೇ. ಅಲ್ಲಿ ಬೇಕಾದ್ದು ಗಾಳಿಯನ್ನ ಹೊರಗೆ ಬಿಟ್ಟು ಒಳಗೆ ಬಿಡದ ಮುಚ್ಚಳ. ಚೀನಾದಲ್ಲೂ ಜರ್ಮನಿಯಲ್ಲೂ ಇದಕ್ಕೆ ಜಾಡಿಯ ಬಾಯಿ ಸುತ್ತ ಒಂದು ಕಾಲುವೆ ಮಾಡಿ ನೀರು ತುಂಬ್ತಾರೆ. ಮುಚ್ಚಳದ ಅಂಚು ಆ ನೀರಲ್ಲಿ ಮುಳುಗಿರುತ್ತೆ, ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರುತ್ತೆ. ನಮ್ಮ ಭರಣಿಗೆ ಇದನ್ನ ಯಾರಾದ್ರೂ ಮಾಡಿಕೊಟ್ರೆ ಮೊದಲ ಗಿರಾಕಿ ನಾನು.

ಘಟ್ಟ ಇಳಿಯೋ ಡಬ್ಬಿಯ ಪಾಡು ಇನ್ನೊಂದು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಮೇಲೆ ಮುಚ್ಚಿದ ಡಬ್ಬಿ ಘಾಟಿಯ ತಿರುವೆಲ್ಲ ಇಳಿದು ಹೆಬ್ರಿ ದಾಟಿ ಉಡುಪಿ ಸೇರೋ ಹೊತ್ತಿಗೆ ಹೊರಗಿನ ಗಾಳಿಯ ಒತ್ತಡ ಶೇ. 7-8ರಷ್ಟು ಏರಿರುತ್ತೆ. ಒಳಗಿರೋದು ಘಟ್ಟದ ಮೇಲಿನ ಗಾಳಿ. 10 ಸೆಂ.ಮೀ. ಅಗಲದ ಗಟ್ಟಿ ಮುಚ್ಚಳದ ಮೇಲೆ 6 ಕೆಜಿ ತೂಕ ಇಟ್ಟ ಲೆಕ್ಕ ಅದು. ಗಿರಾಕಿಗಳು ಚಮಚದ ಹಿಡಿಯಿಂದ ಮೀಟಿ ಅಂಚು ಸೀಳ್ತಾರೆ, ಮುಚ್ಚಳದ ಕತೆ ಅಲ್ಲಿಗೆ ಮುಗೀತು. ಬಿಸಿ ಪಲ್ಯ ಹಾಕಿ ಮುಚ್ಚಿದ ಡಬ್ಬಿಯೂ ಆರಿದ ಮೇಲೆ ಹೀಗೇ ಕಚ್ಚಿಕೊಳ್ಳುತ್ತೆ. ಮುಚ್ಚಳದ ನಡುವೆ ಬೆರಳಲ್ಲಿ ಎತ್ತೋ ಒಂದು ಸಣ್ಣ ಬಿರಡೆ ಇಟ್ಟರೆ ಗಾಳಿ ಒಳಗೆ ಹೋಗಿ ತಾನಾಗೇ ಬಿಡುತ್ತೆ. ಕೆಲವು ಡಬ್ಬಿಗಳಲ್ಲಿ ಇದೆ, ಎಲ್ಲದರಲ್ಲೂ ಇರಬೇಕು.

ಇಷ್ಟೆಲ್ಲ ಮಾಡಿದ್ರೂ ಮುಚ್ಚಳ ಒಂದು ದಿನ ಸಾಯುತ್ತೆ. ಆಗ ಏನು? 1858ರಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ಅನ್ನೋ ಅಮೆರಿಕದ ತಗಡು ಕೆಲಸದವ ಗಾಜಿನ ಜಾಡಿಯ ಕೊರಳಿಗೆ ತಿರುಪು ಹಾಕಿ ಪೇಟೆಂಟ್ ತಗೊಂಡ. ಅಲ್ಲಿ ಈಗಲೂ ಆ ಜಾತಿಯ ಜಾಡಿಗೆ ಮುಖ್ಯವಾಗಿ ಎರಡೇ ಬಾಯಿ, 70 ಮತ್ತು 86 ಮಿಲಿಮೀಟರ್. ಮುಚ್ಚಳದಲ್ಲೂ ಎರಡು ತುಂಡು, ಮೇಲಿನ ಬಿಲ್ಲೆ ಬೇರೆ, ಬಿಗಿಮಾಡೋ ಬಳೆ ಬೇರೆ. ಸವೆಯೋದು ಬಿಲ್ಲೆ, ಅದನ್ನ ಪೊಟ್ಟಣಗಟ್ಟಲೆ ಬಿಡಿಯಾಗಿ ಮಾರ್ತಾರೆ. ಅಜ್ಜಿಯ ಜಾಡಿಗೆ ಮೊಮ್ಮಗಳು ಹೊಸ ಮುಚ್ಚಳ ಹಾಕಬಹುದು.

ನಮ್ಮಲ್ಲಿ ಆಗಲ್ಲ ಅನ್ನಬೇಡಿ. ವ್ಯಾಪಾರದೋರಿಗೆ ಈಗಾಗಲೇ ಆಗಿದೆ. ನಾನು ಜಾರ್ ತರಿಸುವಾಗ ಬಾಯಿ ಎಷ್ಟು ಮಿಲಿಮೀಟರ್ ಅಂತ ಹೇಳ್ತೀನಿ, ಜಾರ್ ಒಂದು ಮೂಟೆ ಬರುತ್ತೆ, ಕ್ಯಾಪ್ ಇನ್ನೊಂದು ಮೂಟೆ. ಅದೇ ಸೌಕರ್ಯ ಮನೆಗೆ ಡಬ್ಬಿ ಕೊಳ್ಳೋರಿಗೆ ಯಾಕಿಲ್ಲ? ಡಬ್ಬಿ ತಳದಲ್ಲಿ ಬಾಯಿಯ ಅಳತೆ ಅಚ್ಚು ಹಾಕಿ, ಉಂಗುರ ಮತ್ತು ಮುಚ್ಚಳವನ್ನ ಗ್ಯಾಸ್ಕೆಟ್ ಪಕ್ಕದ ಮೊಳೆಗೆ ನೇತುಹಾಕಿ. ಮುಚ್ಚಳ ಸಿಕ್ಕಿದ್ರೆ ಜನ ಹೊಸ ಡಬ್ಬಿ ಕೊಳ್ಳಲ್ಲ ಅನ್ನೋ ಹೆದರಿಕೆ ಇರಬಹುದು. ಗ್ಯಾಸ್ಕೆಟ್ ಸಿಕ್ಕಿದ್ದಕ್ಕೆ ಕುಕ್ಕರ್ ಕಂಪನಿ ಯಾವುದೂ ಬಾಗಿಲು ಹಾಕಿದ್ದು ನಾನು ಕಾಣೆ.

ಬೇರೆಯವರಿಗೆ ಹೇಳೋ ಮೊದಲು ನಾನೇ ಶುರು ಮಾಡೋಣ ಅಂತ ಈ ವರ್ಷದಿಂದ ಪ್ರತಿ ಉಪ್ಪಿನಕಾಯಿ ಪಾರ್ಸೆಲ್ಲಿಗೂ ಒಂದು ಹೆಚ್ಚಿನ ಕ್ಯಾಪ್ ಹಾಕಿ ಕಳಿಸ್ತಿದೀನಿ. ಮೊನ್ನೆ ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿದ್ರು. "ಮೇಡಂ, ಮುಚ್ಚಳ ಎರಡು ಬಂದಿದೆ. ಇನ್ನೊಂದು ಬಾಟ್ಲಿ ಕೊರಿಯರ್‌ನೋರು ಎಲ್ಲಿ ಬೀಳಿಸಿದ್ರು?"