ಪರಿಸರ ಉಳಿಸೋಕೆ ನನ್ನ ಪರ್ಸೇ ಬೇಕಿತ್ತಾ?

ಮೈಸೂರಿನ ಗೋಕುಲಂ ಕಡೆ ಹೋದರೆ ಈಗ ಹೆಜ್ಜೆಗೊಂದು ‘ಆರ್ಗ್ಯಾನಿಕ್’ ಬೋರ್ಡು. ಯೋಗ ಕಲಿಯೋಕೆ ಬರುವ ವಿದೇಶಿಯರನ್ನು ನೋಡಿ ಹಾಕಿದ ರೇಟನ್ನು ಈಗ ನಮ್ಮ ತಲೆಗೂ ಕಟ್ಟುತ್ತಿದ್ದಾರೆ. ಮಗಳ ಹಟಕ್ಕೆ ಭಾನುವಾರ ಅಲ್ಲೊಂದು ಬರ್ಗರ್ ಅಂಗಡಿಗೆ ಹೋಗಿದ್ದೆವು. ಪರಿಸರಸ್ನೇಹಿಯಂತೆ. ನನಗೆ ಹೊಟ್ಟೆ ಉರಿ ಇನ್ನೂ ಆರಿಲ್ಲ.

ರಾಗಿ ಬನ್ ಬರ್ಗರ್ 380 ರೂಪಾಯಿ. ಸಾವಯವ ಬೆಳೆಯುವ ರೈತನಿಗೆ ನಾಲ್ಕು ಕಾಸು ಜಾಸ್ತಿ ಹೋಗೋದಾದರೆ ಕೊಡೋಣ, ಬೇಜಾರಿಲ್ಲ. ಅದಕ್ಕೇ ಕೇಳಿದೆ, ಈ ರಾಗಿ ಯಾವೂರದ್ದಪ್ಪ ಅಂತ. ಆ ಹುಡುಗ ಗೋಡೆ ಮೇಲಿದ್ದ ರೈತನ ಚಿತ್ರ ತೋರಿಸಿದ! ಸರ್ಟಿಫಿಕೇಟ್ ಇದೆಯಾ ಅಂದರೆ ‘ಎಲ್ಲಾ ನ್ಯಾಚುರಲ್ ಮೇಡಂ’. ಸಾವಯವ ಅಂತ ಹೇಳಿ ಆಹಾರ ಮಾರೋಕೆ 2017ರಲ್ಲೇ ಕೇಂದ್ರದ ನಿಯಮ ಬಂದಿದೆ. ಸಾವಯವ ಅಂತ ಖಾತ್ರಿ ಮಾಡುವ ಸರ್ಕಾರದ ಎರಡು ವ್ಯವಸ್ಥೆಗಳಾದ ಎನ್‌ಪಿಒಪಿ ಇಲ್ಲವೇ ಪಿಜಿಎಸ್-ಇಂಡಿಯಾದ ಪ್ರಮಾಣಪತ್ರ ಬೇಕು, ಪ್ಯಾಕೆಟ್ ಮೇಲೆ ‘ಜೈವಿಕ್ ಭಾರತ್’ ಗುರುತು ಇರಬೇಕು. ಗಲ್ಲಾದಲ್ಲಿ ಕೂತಿದ್ದವರು ‘ಸಪ್ಲೈಯರ್ ಹತ್ರ ಇದೆ’ ಅಂದರು. ಹಾಗಾದ್ರೆ ಅದರ ಜೆರಾಕ್ಸನ್ನೇ ಗೋಡೆಗೆ ಅಂಟಿಸಿ ಸ್ವಾಮಿ, ಚಿತ್ರ ಯಾಕೆ?

ಬರ್ಗರ್ ಮಧ್ಯೆ ಬಿದಿರು ಕಡ್ಡಿ ಚುಚ್ಚಿದ್ದರು. ಕಡ್ಡಿ ಎಳೆದಿದ್ದೇ ತಡ, ಬನ್ ಪುಡಿಪುಡಿಯಾಗಿ ಉದುರಿತು. ಒಳಗಿನ ಬೀಟ್‌ರೂಟ್ ಪ್ಯಾಟಿ ಜಾರಿ ಮಗಳ ಬಿಳಿ ಫ್ರಾಕಿನ ಮೇಲೆ. (ಬೀಟ್‌ರೂಟ್ ಕಲೆ ಸುಲಭಕ್ಕೆ ಹೋಗಲ್ಲ, ಗೊತ್ತಲ್ವಾ.) ಕಬ್ಬಿನ ಹಾಲಿಗೆ ಪೇಪರ್ ಸ್ಟ್ರಾ. ಅರ್ಧ ಲೋಟ ಕುಡಿಯೋದರೊಳಗೆ ಅದರ ತುದಿ ಮೆತ್ತಗಾಗಿ ಮುಚ್ಚಿಕೊಂಡಿತು. ಇನ್ನೊಂದು ಕೇಳಿದರೆ ‘ಒಬ್ಬರಿಗೆ ಒಂದೇ, ಪಾಲಿಸಿ’ ಅಂತೆ.

ಕುಡಿಯೋಕೆ ನೀರು? ಫಿಲ್ಟರ್ ನೀರು ಇಡಲ್ವಂತೆ. ಗಾಜಿನ ಬಾಟಲಿ, 90 ರೂಪಾಯಿ. ಲೇಬಲ್ ಓದಿದೆ, ಹಿಮಾಚಲದಲ್ಲಿ ತುಂಬಿದ್ದು! ಕಾವೇರಿ, ಕಬಿನಿ ನೀರು ಕುಡಿಯುವ ಊರಿಗೆ ಅಲ್ಲಿಂದ ಲಾರಿಯಲ್ಲಿ ನೀರು ತರಿಸಿ, ಮೇಲೆ ಪರಿಸರದ ಪಾಠ.

ನನಗೆ ಪಿತ್ತ ನೆತ್ತಿಗೇರಿದ್ದು ಮಾತ್ರ ಆ ಡಬ್ಬಿ, ಲೋಟ ನೋಡಿ. ಅಲ್ಲೇ ಕೂತು ತಿನ್ನೋರಿಗೂ ರಟ್ಟಿನ ಡಬ್ಬಿ, ಒಳಗೊಂದು ಕಾಗದ, ಪಕ್ಕದಲ್ಲಿ ಸಾಸ್‌ಗೆ ಪುಟ್ಟ ಬಟ್ಟಲು. ಲೋಟದ ಮೇಲೆ ‘ಕಾಂಪೋಸ್ಟಬಲ್’ ಅಂತ ಹಸಿರು ಎಲೆ. ಪಾರದರ್ಶಕವಾಗಿರುವ ಆ ಲೋಟ ಪಿಎಲ್‌ಎ ಅನ್ನೋ ಸಸ್ಯಮೂಲದ ಪ್ಲಾಸ್ಟಿಕ್ಕಿನದ್ದು. ಅದು ಮಣ್ಣಾಗಬೇಕಾದರೆ ದೊಡ್ಡ ಗೊಬ್ಬರದ ಘಟಕದಲ್ಲಿ ಸುಮಾರು 60 ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ಇರಬೇಕು. ಹಿತ್ತಲಿನ ಗುಂಡಿಗೆ ಹಾಕಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ. ಇವರು ಅದನ್ನೂ, ಎಂಜಲನ್ನೂ, ಟಿಶ್ಯೂನೂ ಒಂದೇ ಕಪ್ಪು ಕವರಿಗೆ ತುಂಬಿ ಗಂಟು ಹಾಕುತ್ತಿದ್ದರು, ನನ್ನ ಕಣ್ಣೆದುರೇ. ಅದು ಕೊನೆಗೆ ಹೋಗಿ ಸೇರೋದು ವಿದ್ಯಾರಣ್ಯಪುರಂ ಸೂಯೇಜ್ ಫಾರ್ಮ್‌ನ ಕಸದ ಗುಡ್ಡೆಗೆ ತಾನೇ? ಅದರ ವಾಸನೆ ಕುಡಿಯೋರು ಆ ಭಾಗದ ಜನ, ಗೋಕುಲಂನವರಲ್ಲ. ಸ್ಟೀಲ್ ತಟ್ಟೆ ಇಟ್ಟು ತೊಳೆಯೋಕೆ ಏನು ರೋಗ ಇವರಿಗೆ? ಒಂದು ಆಳಿನ ಸಂಬಳ ಉಳಿಸೋಕೆ ಭೂಮಿತಾಯಿ ಹೆಸರು!

ಬಿಲ್ಲಿನಲ್ಲಿ ಜಿಎಸ್‌ಟಿ 5%, ಸರಿ. ಅದರ ಕೆಳಗೆ ‘ಗ್ರೀನ್ ಫೀ’ ಅಂತ ಇನ್ನೊಂದು 5%. ಏನಿದು ಅಂದರೆ ‘ನಮ್ಮ ಸರ್ವಿಸ್ ಚಾರ್ಜೇ ಮೇಡಂ, ಹೆಸರು ಹಾಗೆ’ ಅಂತ ನಗ್ತಾರೆ. ಬಿಲ್ಲಿಗೆ ತಾನಾಗೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಇಷ್ಟು ಹೇಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಾ ಅಂತ ಮೊಬೈಲ್ ತೆಗೆದ ಮೇಲೆ ಆ ಫೀಯನ್ನು ಬಿಲ್ಲಿನಿಂದ ತೆಗೆದುಹಾಕಿದರು. ಪಕ್ಕದ ಟೇಬಲ್‌ನವರು ಸುಮ್ನೆ ಕೊಟ್ಟು ಎದ್ದು ಹೋದರು. ಹೊರಗೆ ಬರುವಷ್ಟರಲ್ಲಿ ನನ್ನ ಮೊಬೈಲಿಗೆ ಮೆಸೇಜು: ಐದು ಸ್ಟಾರ್ ಕೊಡಿ, ನಿಮ್ಮ ಹೆಸರಲ್ಲಿ ಒಂದು ಗಿಡ ನೆಡ್ತೀವಿ. ಯಾವ ಜಾಗದಲ್ಲಿ ಅಂತ ಕೇಳಿದ್ದೀನಿ. ಉತ್ತರ ಇಲ್ಲ.