ಟಿಕೆಟ್ ಮಾರಾಟಕ್ಕೆ ಪ್ರತ್ಯೇಕ ಕಾನೂನು ಬೇಕೇ? ಪರ – ವಿರೋಧ

ಸಂಗೀತ ಕಾರ್ಯಕ್ರಮ, ಕ್ರಿಕೆಟ್ ಪಂದ್ಯದಂಥ ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಮಾರಾಟಕ್ಕೆಂದೇ ಒಂದು ಕಾನೂನು ಬೇಕು ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಪೂರ್ತಿ ಬೆಲೆ ಮೊದಲೇ ತೋರಿಸಬೇಕು, ಎಷ್ಟು ಟಿಕೆಟ್ ಮಾರಾಟಕ್ಕಿದೆ ಎಂದು ಹೇಳಬೇಕು, ಟಿಕೆಟ್ ಮೇಲಿರುವ ಬೆಲೆಗಿಂತ ಜಾಸ್ತಿಗೆ ಯಾರೂ ಮತ್ತೆ ಮಾರಬಾರದು. ಇವು ಅದರ ಮುಖ್ಯ ಬೇಡಿಕೆಗಳು. ಇದರ ಪರವಾಗಿ ಒಂದು, ವಿರುದ್ಧವಾಗಿ ಒಂದು ಬರಹ ಇಲ್ಲಿದೆ.

ಪರ: ಎಷ್ಟು ಟಿಕೆಟ್ ಮಾರಿದಿರಿ, ಮೊದಲು ಅದನ್ನು ಹೇಳಿ

2024ರ ಸೆಪ್ಟೆಂಬರ್ 22, ಭಾನುವಾರ. ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯಲಿದ್ದ ಬ್ರಿಟನ್ನಿನ ಸಂಗೀತ ತಂಡ ಕೋಲ್ಡ್‌ಪ್ಲೇ ಕಾರ್ಯಕ್ರಮಕ್ಕೆ ಅವತ್ತು ಟಿಕೆಟ್ ಬಿಟ್ಟರು. ಟಿಕೆಟ್ ಮಾರುವ ಬುಕ್‌ಮೈಶೋ ಆ್ಯಪ್ ಕೈಕೊಟ್ಟಿತು. ಮತ್ತೆ ತೆರೆದುಕೊಂಡಾಗ ಜನರ ಮುಂದೆ ಲಕ್ಷಗಟ್ಟಲೆ ಮಂದಿಯ ಸರದಿ. 2,500 ರೂಪಾಯಿಯಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ನೋಡನೋಡುತ್ತಲೇ ಖಾಲಿ. ಬೇರೆ ಜಾಲತಾಣಗಳಲ್ಲಿ ಮಾತ್ರ ಅದೇ ಕಾರ್ಯಕ್ರಮದ ಟಿಕೆಟ್‌ಗಳು ಲಕ್ಷ ರೂಪಾಯಿಗಳ ಲೆಕ್ಕದಲ್ಲಿ ಸಿಗುತ್ತಿದ್ದವು. ಮುಂದಿನ ತಿಂಗಳು ಇ.ಡಿ. (ಜಾರಿ ನಿರ್ದೇಶನಾಲಯ) ಅಧಿಕಾರಿಗಳು ಕೋಲ್ಡ್‌ಪ್ಲೇ ಮತ್ತು ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ಅಕ್ರಮದ ಬಗ್ಗೆ ಹಲವು ನಗರಗಳಲ್ಲಿ ಶೋಧ ನಡೆಸಿದರು. ಬೆಂಗಳೂರೂ ಅದರಲ್ಲಿತ್ತು.

ಈ ಕಾಳದಂಧೆಯನ್ನು ತಡೆಯಲು ನಿಯಮ ಮಾಡಿಸಿ ಎಂದು ಒಬ್ಬ ವಕೀಲರು ಬಾಂಬೆ ಹೈಕೋರ್ಟ್‌ಗೆ ಹೋದರು. 2025ರ ಜನವರಿಯಲ್ಲಿ ಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಇದು ಶಾಸನ ಮಾಡುವವರ ಕೆಲಸ, ನಾವು ಆದೇಶ ಕೊಡಲಾಗದು ಎಂಬುದು ಕೋರ್ಟಿನ ನಿಲುವು. ಅಂದರೆ ಚೆಂಡು ಈಗ ಸರ್ಕಾರದ ಅಂಗಳದಲ್ಲಿದೆ. ನಾವು ಕೇಳಬೇಕಾದ್ದು ಅಲ್ಲೇ.

ಮೊದಲು ಬೆಲೆಯ ವಿಷಯ. ಆ್ಯಪ್‌ನಲ್ಲಿ ಒಂದು ಸಾವಿರ ರೂಪಾಯಿ ಎಂದು ಕಾಣುತ್ತದೆ. ಸೀಟು ಆರಿಸಿ, ಹೆಸರು ಹಾಕಿ, ಮುಂದಕ್ಕೆ ಒತ್ತಿ, ಕೊನೆಯ ಪರದೆಗೆ ಬಂದಾಗ ಆನ್‌ಲೈನ್ ಬುಕಿಂಗ್‌ಗೆಂದು ಕನ್ವೀನಿಯನ್ಸ್ ಶುಲ್ಕ ಸೇರುತ್ತದೆ. ಆ ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ಕೆಲವು ಕಡೆ ದಾನದ ಒಂದೆರಡು ರೂಪಾಯಿಗೆ ಮೊದಲೇ ಟಿಕ್ ಹಾಕಿರುತ್ತಾರೆ. ಮೇಲ್ಗಡೆ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಸಮಯ ಮುಗಿದರೆ ಸೀಟು ಹೋಯಿತು. ಆ ಅವಸರದಲ್ಲಿ ಯಾರು ಬಿಲ್ ಓದುತ್ತಾರೆ? ಹಣ ಕಟ್ಟಿ ಮುಗಿಸಿದರೆ ಸಾಕು ಅನ್ನಿಸುತ್ತದೆ ಅಲ್ವಾ? ಐಪಿಎಲ್ ಟಿಕೆಟ್ ಆದರೆ ತೆರಿಗೆಯೇ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 28ರಿಂದ 40 ಶೇಕಡಕ್ಕೆ ಏರಿದೆ. ಸಾವಿರದ ಟಿಕೆಟ್‌ಗೆ ತೆರಿಗೆ ಸೇರಿ 1,400 ರೂಪಾಯಿ. ಹಾಗಿದ್ದರೆ ಮೊದಲ ಪರದೆಯಲ್ಲೇ 1,400 ಎಂದು ಬರೆಯಲಿ. ಅಂಗಡಿಯ ಬಿಸ್ಕೆಟ್ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಬೆಲೆ ಇರುತ್ತದೆ. ಟಿಕೆಟ್‌ಗೆ ಮಾತ್ರ ಯಾಕೆ ಬೇರೆ ನಿಯಮ? ಅಮೆರಿಕದಲ್ಲಿ 2025ರ ಮೇ 12ರಿಂದ ಕಾರ್ಯಕ್ರಮಗಳ ಟಿಕೆಟ್‌ಗೆ ಕಡ್ಡಾಯ ಶುಲ್ಕವೆಲ್ಲ ಸೇರಿದ ಬೆಲೆಯನ್ನೇ ತೋರಿಸಬೇಕು ಎಂಬ ನಿಯಮ ಜಾರಿಯಲ್ಲಿದೆ.

ಬೆಲೆಯ ಮೋಸ ಕೊನೆಗಾದರೂ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಟಿಕೆಟ್‌ಗಳ ಸಂಖ್ಯೆ. ನನ್ನ ಮುಖ್ಯ ತಕರಾರು ಅದರ ಬಗ್ಗೆಯೇ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು 35 ಸಾವಿರ ಜನ. ಅದರಲ್ಲಿ ಎಷ್ಟು ಸೀಟು ನಿಮಗೆ, ನನಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ? ಸದಸ್ಯರಿಗೆ ಎಷ್ಟು, ಪ್ರಾಯೋಜಕರಿಗೆ ಎಷ್ಟು, ಇಲಾಖೆಗಳಿಗೆ, ಜನಪ್ರತಿನಿಧಿಗಳಿಗೆ ಎಷ್ಟು ಪಾಸ್ ಹೋಯಿತು? ಟಿಕೆಟ್ ಬಿಡುವ ದಿನ ಇದನ್ನು ಯಾರೂ ನಮಗೆ ಹೇಳುವುದಿಲ್ಲ. "ಸೋಲ್ಡ್ ಔಟ್" ಎಂಬ ಎರಡು ಪದ ಮಾತ್ರ ಕಾಣುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ನಿಜವಾಗಿ ಖಾಲಿ ಆಯಿತೋ, ಹಿಂದಿನ ಬಾಗಿಲಿಂದ ಹೋಯಿತೋ ಹೇಗೆ ತಿಳಿಯಬೇಕು? ಪಂದ್ಯದ ದಿನ ಕಬ್ಬನ್ ರಸ್ತೆ ಕಡೆ ನಡೆದು ಹೋದರೆ "ಟಿಕೆಟ್ ಬೇಕಾ ಸಾರ್?" ಎಂದು ಮೆಲ್ಲಗೆ ಕೇಳುವವರು ಸಿಗುತ್ತಾರೆ. ಸಿಸಿಬಿ ಪೊಲೀಸರು ಇಂಥವರನ್ನು ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹಿಡಿದದ್ದು ಸರಿ. ಆದರೆ ಆ ಟಿಕೆಟ್ ಅವರ ಕೈಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಂಖ್ಯೆಯಲ್ಲಿದೆ.

ಇದೇನು ಆಗದ ಕೆಲಸವಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿಯ ಸುಧಾರಣೆಗಳ ನಂತರ ಬಂದ ಬಿಸಿಸಿಐ ಸಂವಿಧಾನದಲ್ಲಿ ಉಚಿತ ಪಾಸ್‌ಗಳಿಗೆ 10 ಶೇಕಡದ ಮಿತಿ ಹಾಕಿದರು. 2018ರ ಅಕ್ಟೋಬರ್‌ನಲ್ಲಿ ಭಾರತ–ವೆಸ್ಟ್ ಇಂಡೀಸ್ ಏಕದಿನ ಪಂದ್ಯವೊಂದು ಇಂದೋರ್‌ನಿಂದ ವಿಶಾಖಪಟ್ಟಣಕ್ಕೆ ಹೋದದ್ದು ಈ ಪಾಸ್ ಹಂಚಿಕೆಯ ಜಗಳದಿಂದಲೇ. ಒಂದು ಅಂತರರಾಷ್ಟ್ರೀಯ ಪಂದ್ಯವೇ ಊರು ಬದಲಿಸಬೇಕಾಯಿತು ಎಂದರೆ ಆ ಪಾಸ್‌ಗಳ ಬೆಲೆ ಎಷ್ಟಿರಬೇಕು ಯೋಚಿಸಿ. ಆದರೆ ಅದು ಕ್ರಿಕೆಟ್ ಮಂಡಳಿಗೆ ಮಾತ್ರ ಅನ್ವಯಿಸುವ ನಿಯಮ. ಸಂಗೀತ ಕಾರ್ಯಕ್ರಮಗಳಿಗೆ ಅದೂ ಇಲ್ಲ.

ಸರಿಯಾದ ಮಾಹಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2025ರ ಜೂನ್ 4ರಂದು ನೋಡಿತು. ಆರ್‌ಸಿಬಿ ವಿಜಯೋತ್ಸವಕ್ಕೆ ಪ್ರವೇಶ ಎಲ್ಲರಿಗೂ ಉಚಿತವೋ, ಪಾಸ್ ಬೇಕೋ ಎಂಬ ಗೊಂದಲ ಕೊನೆಯವರೆಗೂ ಇತ್ತು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಲಕ್ಷಾಂತರ ಜನ. 11 ಮಂದಿ ಪ್ರಾಣ ಬಿಟ್ಟರು. ಅಲ್ಲಿ ತಪ್ಪಿದ್ದು ಇದೊಂದೇ ಅಲ್ಲ, ನಿಜ. ಆದರೂ ಒಳಗೆ ಎಷ್ಟು ಜಾಗ ಇದೆ, ಯಾರಿಗೆ ಪ್ರವೇಶ ಇದೆ ಎಂದು ಹಿಂದಿನ ದಿನವೇ ಖಚಿತವಾಗಿ ಹೇಳಿದ್ದರೆ ಎಷ್ಟೋ ಮಂದಿ ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಟಿಕೆಟ್ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಿ ಎಂದು ನಾನು ಒತ್ತಾಯಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನು ಮರುಮಾರಾಟ. ಐರ್ಲೆಂಡ್ 2021ರಲ್ಲೇ ಕಾನೂನು ಮಾಡಿ, ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಅನ್ನು ಮೂಲ ಬೆಲೆಗಿಂತ ಜಾಸ್ತಿಗೆ ಮಾರುವುದನ್ನು ಅಪರಾಧ ಮಾಡಿತು. ಬ್ರಿಟನ್ ಸರ್ಕಾರವೂ ಅದೇ ದಾರಿ ಹಿಡಿಯುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಮೂಲ ಬೆಲೆಗೆ ಮಾರಿದರೆ ಯಾರಿಗೂ ನಷ್ಟವಿಲ್ಲ. ಬರಲಾಗದವರಿಗೆ ಹಣ ವಾಪಸ್, ಬರುವ ಆಸೆ ಇದ್ದವರಿಗೆ ಸೀಟು. ನಡುವೆ ಕೂತು ಹತ್ತು ಪಟ್ಟು ಕೇಳುವವನು ಕಾರ್ಯಕ್ರಮಕ್ಕೆ ಏನನ್ನೂ ಕೊಟ್ಟಿಲ್ಲ. ಹಾಡಿದವರಿಗೂ ಅದರಲ್ಲಿ ಒಂದು ಪೈಸೆ ಹೋಗುವುದಿಲ್ಲ. ದಾವಣಗೆರೆಯಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸಿಗೆ ಬಂದು ಕಾರ್ಯಕ್ರಮ ನೋಡಿ ಹೋಗುವ ಹುಡುಗ ಹುಡುಗಿಯರು ಆ ಬೆಲೆ ಎಲ್ಲಿಂದ ತರಬೇಕು? ಮೂಲ ಬೆಲೆಗೆ ಟಿಕೆಟ್ ಕೊಳ್ಳುವ ಅವಕಾಶ ಅವರಿಗೂ ಸಿಗಬೇಕು.

ವಿರೋಧ: ಇರುವ ಕಾನೂನನ್ನು ಮೊದಲು ಬಳಸಿ

ಟಿಕೆಟ್ ಬೆಲೆಗೆ ಕಾನೂನು ಹಾಕಿದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಎಂಬ ಮಾತು 2017ರ ಬಜೆಟ್‌ನಲ್ಲೇ ಬಂದಿತ್ತು. ಮತ್ತೆ 2025ರ ಬಜೆಟ್‌ನಲ್ಲಿ ಬಂತು. ಸೆಪ್ಟೆಂಬರ್ 12ರಂದು ಅಧಿಸೂಚನೆಯೂ ಆಯಿತು. ಜನ ಖುಷಿಪಟ್ಟರು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಎರಡು ವಾರವೂ ಬಾಳಲಿಲ್ಲ. ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಬೇಕು ಎಂದು ಹೈಕೋರ್ಟಿನದೇ ವಿಭಾಗೀಯ ಪೀಠ ಮಲ್ಟಿಪ್ಲೆಕ್ಸ್‌ಗಳಿಗೆ ಷರತ್ತು ಹಾಕಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಡೆಹಿಡಿಯಿತು. ಮಹಾರಾಷ್ಟ್ರದ ಕಥೆಯೂ ಹೀಗೆಯೇ. ಆನ್‌ಲೈನ್ ಸಿನಿಮಾ ಟಿಕೆಟ್‌ಗೆ ಕನ್ವೀನಿಯನ್ಸ್ ಶುಲ್ಕ ತೆಗೆದುಕೊಳ್ಳಬಾರದು ಎಂದು ಅಲ್ಲಿನ ಸರ್ಕಾರ 2013 ಮತ್ತು 2014ರಲ್ಲಿ ಆದೇಶ ಹೊರಡಿಸಿತ್ತು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಎರಡನ್ನೂ ರದ್ದು ಮಾಡಿತು. ವ್ಯಾಪಾರ ಮಾಡುವ ಹಕ್ಕು ಸಂವಿಧಾನದಲ್ಲಿದೆ. ಬೆಲೆಗೆ ಕೈಹಾಕಿದ ಕೂಡಲೇ ವಿಷಯ ಕೋರ್ಟಿಗೆ ಹೋಗುತ್ತದೆ. ಅಲ್ಲಿ ವರ್ಷಗಳು ಕಳೆಯುತ್ತವೆ. ಅಷ್ಟೂ ಕಾಲ ಗ್ರಾಹಕ ಇದ್ದಲ್ಲೇ ಇರುತ್ತಾನೆ.

ಮುಚ್ಚಿಟ್ಟ ಶುಲ್ಕದ ಬಗ್ಗೆ ನನಗೂ ಅಷ್ಟೇ ಬೇಸರವಿದೆ. ಆದರೆ ಅದಕ್ಕೆ ನಿಯಮ ಈಗಾಗಲೇ ಇದೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ವಂಚನೆಯ ತಂತ್ರಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಬೆಲೆಯನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿಡುವುದು, ಕೇಳದೆ ಬುಟ್ಟಿಗೆ ಏನನ್ನೋ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಮೂರೂ ಅದರಲ್ಲಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕು ಎಂದೂ ಇಲ್ಲ. ನಮ್ಮಲ್ಲಿ ಎಷ್ಟು ಜನ ಇದನ್ನು ಬಳಸಿದ್ದೇವೆ? ನೂರಿಪ್ಪತ್ತು ರೂಪಾಯಿಗೆ ಯಾರು ಓಡಾಡುತ್ತಾರೆ ಎಂದು ಸುಮ್ನೆ ಬಿಡುತ್ತೇವೆ. ಹೊಸ ಕಾನೂನು ಬಂದರೂ ದೂರು ಕೊಡಬೇಕಾದವರು ನಾವೇ, ವಿಚಾರಿಸಬೇಕಾದ ಕಚೇರಿಯೂ ಅದೇ.

ಮರುಮಾರಾಟದ ಮಿತಿ ನನ್ನನ್ನು ಇನ್ನೂ ಜಾಸ್ತಿ ಚಿಂತೆಗೆ ಹಚ್ಚುತ್ತದೆ. ಐವತ್ತು ಸಾವಿರ ಸೀಟಿಗೆ ಹತ್ತು ಲಕ್ಷ ಜನ ಬಂದರೆ ಒಂಬತ್ತೂವರೆ ಲಕ್ಷ ಜನರಿಗೆ ಸಿಗುವುದಿಲ್ಲ. ಕಾನೂನು ಸೀಟು ಹುಟ್ಟಿಸುವುದಿಲ್ಲ. ಅವರಲ್ಲಿ ಕೆಲವರಿಗೆ ಎಷ್ಟಾದರೂ ಕೊಡುವ ಶಕ್ತಿ ಇರುತ್ತದೆ. ಬಹಿರಂಗವಾಗಿ ಮಾರುವ ಜಾಲತಾಣವನ್ನು ಮುಚ್ಚಿದರೆ ಆ ವ್ಯವಹಾರ ಟೆಲಿಗ್ರಾಂ ಗುಂಪಿಗೆ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹೋಗುತ್ತದೆ. ಅಲ್ಲಿ ಹೇಗೆ ನಡೆಯುತ್ತದೆ ನೋಡಿ. ಮೊದಲು ಟಿಕೆಟ್‌ನ ಸ್ಕ್ರೀನ್‌ಶಾಟ್ ಬರುತ್ತದೆ. ಅರ್ಧ ಹಣ ಯುಪಿಐ ಮಾಡಿ ಎನ್ನುತ್ತಾರೆ. ಒಂದೇ ಕ್ಯೂಆರ್ ಕೋಡ್ ನಾಲ್ಕು ಜನರಿಗೆ ಮಾರಾಟವಾಗಿರುತ್ತದೆ. ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದ ಮೂವರು ಹೊರಗೆ. ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್. ಕೊಂಡದ್ದೇ ಕಾನೂನುಬಾಹಿರ ಎಂದಾದರೆ ಮೋಸಹೋದವರು ಠಾಣೆಗೆ ಹೋಗಲೂ ಹೆದರುತ್ತಾರೆ. ಹೀಗೆ ಕಾನೂನು ಯಾರನ್ನು ಕಾಪಾಡಬೇಕಿತ್ತೋ ಅವರ ಬಾಯಿಯನ್ನೇ ಕಟ್ಟುತ್ತದೆ.

ಜಾರಿ ಮಾಡುವುದು ಅಮೆರಿಕಕ್ಕೇ ಸುಲಭ ಆಗಿಲ್ಲ. ತಾವಾಗಿಯೇ ಕೆಲಸ ಮಾಡುವ ಕಂಪ್ಯೂಟರ್ ಪ್ರೋಗ್ರಾಂಗಳಿಂದ, ಅಂದರೆ ಬಾಟ್‌ಗಳಿಂದ, ಟಿಕೆಟ್ ಬಾಚಿಕೊಳ್ಳುವುದನ್ನು ಅಲ್ಲಿ 2016ರಲ್ಲೇ ನಿಷೇಧಿಸಿದರು. ಆ ಕಾನೂನಿನ ಕೆಳಗೆ ಅಲ್ಲಿನ ವ್ಯಾಪಾರ ಆಯೋಗ ಮೊದಲ ಕ್ರಮ ಪ್ರಕಟಿಸಿದ್ದು 2021ರಲ್ಲಿ. 2022ರ ನವೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಕಾರ್ಯಕ್ರಮದ ಟಿಕೆಟ್ ಮಾರಾಟದಲ್ಲಿ ಟಿಕೆಟ್‌ಮಾಸ್ಟರ್ ಎಂಬ ಜಾಲತಾಣ ಕುಸಿದದ್ದು ಆ ಕಾನೂನು ಇದ್ದಾಗಲೇ. ಅಷ್ಟು ಸಿಬ್ಬಂದಿ, ಅಷ್ಟು ತಂತ್ರಜ್ಞಾನ ಇರುವ ಕಡೆ ಹಾಗಾದರೆ, ಈಗಾಗಲೇ ಸೈಬರ್ ವಂಚನೆಯ ದೂರುಗಳಲ್ಲಿ ಮುಳುಗಿರುವ ನಮ್ಮ ಠಾಣೆಗಳ ಮೇಲೆ ಇನ್ನೊಂದು ಹೊರೆ ಹಾಕುವ ಮೊದಲು ಯೋಚಿಸಬೇಕು.

ಸಣ್ಣ ಸಂಘಟಕರನ್ನೂ ಮರೆಯಬೇಡಿ. ಕೋಲ್ಡ್‌ಪ್ಲೇ ತರುವವರಿಗೆ ವಕೀಲರ ತಂಡವೇ ಇರುತ್ತದೆ. ಹುಬ್ಬಳ್ಳಿಯಲ್ಲಿ ಮುನ್ನೂರು ಸೀಟಿನ ಸಭಾಂಗಣ ಹಿಡಿದು ನಾಟಕ ಆಡಿಸುವವರಿಗೆ ಇರುವುದಿಲ್ಲ. ಕರಾವಳಿಯಲ್ಲಿ ಟಿಕೆಟ್ ಇಟ್ಟು ಆಟ ಆಡುವ ಯಕ್ಷಗಾನ ಮೇಳಗಳಿಗೂ ಇರುವುದಿಲ್ಲ. ಒಂದೇ ಕಾನೂನು ಎಲ್ಲರಿಗೂ ಎಂದಾದರೆ ಕಾಗದಪತ್ರ, ಪರಿಶೀಲನೆ, ದಂಡದ ಹೆದರಿಕೆ ಎಲ್ಲವೂ ಇವರ ತಲೆಯ ಮೇಲೂ ಬೀಳುತ್ತದೆ.

ಸೀಟುಗಳ ಸಂಖ್ಯೆ ಹೇಳಬೇಕು ಎಂಬುದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ವಿಧಾನಸೌಧದವರೆಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ದೊಡ್ಡ ಕಾರ್ಯಕ್ರಮಕ್ಕೆ ಪೊಲೀಸರ ಅನುಮತಿ ಹೇಗೂ ಬೇಕು. ಒಟ್ಟು ಎಷ್ಟು ಜನ, ಎಷ್ಟು ಟಿಕೆಟ್, ಎಷ್ಟು ಪಾಸ್ ಎಂದು ಆ ಅರ್ಜಿಯಲ್ಲೇ ಬರೆಸಿಕೊಂಡು ಜನರಿಗೆ ಕಾಣುವಂತೆ ಹಾಕಲಿ. ಹಣ ವಾಪಸ್ ಕೊಡುವ ಷರತ್ತನ್ನೂ ಅಲ್ಲೇ ಸೇರಿಸಲಿ. ಮಗುವಿಗೆ ಜ್ವರ ಬಂದು ಹೊರಡಲು ಆಗದವರು ಟಿಕೆಟ್ ಅನ್ನು ಆ್ಯಪ್‌ಗೇ ಹಿಂತಿರುಗಿಸಿ ಹಣ ಪಡೆಯುವಂತಿದ್ದರೆ, ಆ ಸೀಟು ಸರದಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ದಲ್ಲಾಳಿಗೆ ಅಲ್ಲಿ ಕೆಲಸವೇ ಇರುವುದಿಲ್ಲ.

ಸರ್ಕಾರ ಇದನ್ನು ತನ್ನ ಟಿಕೆಟ್‌ಗಳಿಂದಲೇ ಶುರು ಮಾಡಬಹುದು. ಮೈಸೂರು ದಸರಾದ ವಿಶೇಷ ಪಾಸ್ ಆದ ಗೋಲ್ಡ್ ಕಾರ್ಡ್‌ಗೆ ಸಾವಿರಾರು ರೂಪಾಯಿ ಕೊಟ್ಟು ಜನ ಬರುತ್ತಾರೆ. ಪಾಸ್ ಕೈಯಲ್ಲಿದ್ದೂ ಕೂರಲು ಜಾಗ ಸಿಗದೆ ಗಲಾಟೆ ಆದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅರಮನೆ ಆವರಣದಲ್ಲಿ ಎಷ್ಟು ಕುರ್ಚಿ, ಮಾರಿದ್ದು ಎಷ್ಟು, ಹಂಚಿದ್ದು ಎಷ್ಟು, ಯಾರಿಗೆ? ಮುಂದಿನ ಜಂಬೂಸವಾರಿಗೆ ಒಂದು ವಾರ ಮುಂಚೆ ಈ ಪಟ್ಟಿಯನ್ನು ಹೊರಗೆ ಹಾಕಲು ಯಾವ ಮಸೂದೆಯೂ ಬೇಕಿಲ್ಲ, ಜಿಲ್ಲಾಡಳಿತದ ಒಂದು ಪ್ರಕಟಣೆ ಸಾಕು.